ಯುದ್ಧ ನಡೀತಿರೋವಾಗ ಹವಾಮಾನ ಮಾತುಕತೆ ಅಂತ ಕೂರೋದ್ರಲ್ಲಿ ಏನಾದ್ರೂ ಅರ್ಥ ಇದೆಯಾ?

ತುಂಗೆ_ದಂಡೆ:

ಎಲ್ರಿಗೂ ನಮಸ್ಕಾರ. ನಾನು ಪಿಯು ಕಾಲೇಜಲ್ಲಿ ಅರ್ಥಶಾಸ್ತ್ರ ಹೇಳ್ಕೊಡ್ತೀನಿ. ಮುಂದಿನ ತಿಂಗಳು ನಮ್ಮಲ್ಲಿ ಚರ್ಚಾ ಸ್ಪರ್ಧೆ ಇದೆ, ವಿಷಯ "ಯುದ್ಧಕಾಲದಲ್ಲೂ ಹವಾಮಾನ ಸಹಕಾರ ಸಾಧ್ಯ". ವಿಷಯ ಆರಿಸಿದ್ದು ನಾನೇ, ಈಗ ಪೇಚಾಟಕ್ಕೆ ಸಿಕ್ಕಿರೋದೂ ನಾನೇ, ಯಾಕಂದ್ರೆ ಹೆಸರು ಕೊಟ್ಟ ಹುಡುಗ್ರೆಲ್ಲ ವಿರೋಧದ ಕಡೆಗೇ ಕೊಟ್ಟಿದ್ದಾರೆ, ಪರ ಮಾತಾಡೋಕೆ ಒಬ್ರೂ ಇಲ್ಲ.

ಅವ್ರ ವಾದ ಸಿಂಪಲ್ಲು. 2022ರಿಂದ ಉಕ್ರೇನ್, 2023ರಿಂದ ಗಾಝಾ, 2025ರ ಮೇ ತಿಂಗಳಲ್ಲಿ ನಮ್ಮ ಗಡಿಯಲ್ಲೇ ನಾಲ್ಕು ದಿನ. ಇದ್ರ ಮಧ್ಯೆ ವರ್ಷಾವರ್ಷ ಕಾಪ್, ಅಂದ್ರೆ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಮಾತ್ರ ತಪ್ಪಿಲ್ಲ, ಶರ್ಮ್ ಎಲ್ ಶೇಖ್, ದುಬೈ, ಬಾಕು, ಬೆಲೆಂ ಅಂತ ಊರು ಬದಲಾಗ್ತಾ ಹೋಯ್ತು ಅಷ್ಟೇ. ಒಬ್ಬಳು ಹುಡುಗಿ ನೇರವಾಗೇ ಕೇಳಿದ್ಲು, "ಸರ್, ಒಬ್ರಿಗೊಬ್ರು ಬಾಂಬ್ ಹಾಕ್ತಿರೋರು ಪಕ್ಕಪಕ್ಕ ಕೂತು 2050ರ ಬಗ್ಗೆ ಮಾತಾಡೋದು ನಾಟಕ ಅಲ್ವಾ?" ಅಂತ.

ನಾನು ಒಂದು ಉದಾಹರಣೆ ಕೊಟ್ಟೆ. 2022ರ ಫೆಬ್ರವರಿ 24ಕ್ಕೆ ರಷ್ಯಾ ದಾಳಿ ಶುರು ಮಾಡ್ದಾಗ ಐಪಿಸಿಸಿ, ಅಂದ್ರೆ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯ ವರದಿಯ ಒಂದೊಂದೇ ಸಾಲಿಗೆ ಎಲ್ಲ ದೇಶಗಳೂ ಒಪ್ಪಿಗೆ ಕೊಡೋ ಆನ್‌ಲೈನ್ ಸಭೆ ನಡೀತಿತ್ತು. ಉಕ್ರೇನ್ ತಂಡದ ಮುಖ್ಯಸ್ಥೆ ಸ್ವಿತ್ಲಾನಾ ಕ್ರಾಕೋವ್ಸ್ಕಾ ಕೀವ್‌ನಲ್ಲಿ ತಮ್ಮ ಮನೇಲೇ ಇದ್ರು, ಈ ಯುದ್ಧಕ್ಕೂ ಹವಾಮಾನ ಬದಲಾವಣೆಗೂ ಬೇರು ಒಂದೇ, ಅದು ತೈಲ ಗ್ಯಾಸು ಕಲ್ಲಿದ್ದಲು ಅಂತ ಹೇಳಿದ್ರು. ರಷ್ಯಾ ಕಡೆಯ ಒಲೆಗ್ ಅನಿಸಿಮೋವ್ ಅದೇ ಸಭೇಲಿ ಕ್ಷಮೆ ಕೇಳಿದ್ರು. ವರದಿ 28ನೇ ತಾರೀಕು ಹೊರಗೂ ಬಂತು. ಹುಡುಗ್ರು ಕೇಳಿ "ಚೆನ್ನಾಗಿದೆ ಸರ್, ಆಮೇಲೆ?" ಅಂದ್ರು. ಆಮೇಲೆ ಏನು ಅಂತ ಹೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ.

ಭಾಷಣ ಬೇಡ, ಯುದ್ಧದ ಮಧ್ಯೆಯೂ ನಿಜವಾಗಿ ಕೆಲಸ ಮಾಡಿದ ಉದಾಹರಣೆ ಇದ್ರೆ ಹೇಳಿ. ಯಾಕೆ ಕೆಲಸ ಮಾಡ್ತು ಅನ್ನೋದೂ ಬೇಕು.

ಜವಾರಿ_ಮಾತು:

ಸರ್, ನಿಮ್ಮ ಹುಡುಗರು ಭಾಳ ಶ್ಯಾಣ್ಯಾ ಅದಾರ, ಅವರನ್ನ ಬದಲ್ಸಾಕ ಹೋಗಬ್ಯಾಡ್ರಿ 😀

ರೊಕ್ಕ ಎಲ್ಲಿಗೆ ಹೊಂಟೈತಿ ನೋಡ್ರಿ, ಅಷ್ಟ ಸಾಕು. 2024ರಾಗ ಜಗತ್ತಿನ ದೇಶಗಳೆಲ್ಲಾ ಸೇರಿ ಮಿಲಿಟರಿಗೆ ಸುರುವಿದ್ದು 2.7 ಟ್ರಿಲಿಯನ್ ಡಾಲರ್, ಸಿಪ್ರಿ ಅಂತ ಸ್ವೀಡನ್ನಿನ ಸಂಶೋಧನಾ ಸಂಸ್ಥೆ ಐತಲ್ಲ, ಅದರ ಲೆಕ್ಕ ಅದು, ಒಂದ ವರ್ಷದಾಗ 9.4 ಪರ್ಸೆಂಟ್ ಏರೈತಿ. ಅದ ವರ್ಷ ಬಾಕುದಾಗ ಬಡ ದೇಶಗಳಿಗೆ ಕೊಡ್ತೇವಿ ಅಂತ ಒಪ್ಪಿದ್ದು ವರ್ಷಕ್ಕ 300 ಬಿಲಿಯನ್, ಅದೂ ಈಗಲ್ಲ, 2035ರ ಹೊತ್ತಿಗೆ, ಅದೂ ಸರ್ಕಾರದ್ದು ಪ್ರೈವೇಟ್‌ದ್ದು ಸಾಲ ಗೀಲ ಎಲ್ಲಾ ಕೂಡಿಸಿ. ಕೇಳಿದ್ದು 1.3 ಟ್ರಿಲಿಯನ್. ಭಾರತದ ಕಡೆಯಿಂದ ಹೋಗಿದ್ದ ಚಾಂದನಿ ರೈನಾ ಅವರು ನಿರ್ಣಯ ಪಾಸಾತು ಅಂತ ಬಡಿಗಿ ಬಡದ ಮ್ಯಾಲೆ ಎದ್ದು, ಇದು ಬರೇ ದೃಷ್ಟಿಭ್ರಮೆ, ನಾವು ಒಪ್ಪಂಗಿಲ್ಲ ಅಂತ ಮುಖದ ಮ್ಯಾಲೆ ಹೇಳಿದ್ರು. ಹೇಳಿ ಏನಾತು, ನಿರ್ಣಯ ಹಂಗ ಉಳೀತು.

2025ರ ಫೆಬ್ರವರಿಯಾಗ ಬ್ರಿಟನ್ ಏನ್ ಮಾಡ್ತು? ಡಿಫೆನ್ಸ್ ಖರ್ಚು ದೇಶದ ಆದಾಯದ 2.5 ಪರ್ಸೆಂಟಿಗೆ ಏರಸಾಕ ವಿದೇಶಿ ನೆರವನ್ನ 0.5ರಿಂದ 0.3ಕ್ಕ ಕಡಿತೇವಿ ಅಂತ ಪಾರ್ಲಿಮೆಂಟಿನ್ಯಾಗ ನಿಂತು ಹೇಳ್ತು. ಹವಾಮಾನದ ರೊಕ್ಕ ಬರೂದು ಅದ ಚೀಲದಾಗಿಂದರಿ. ಅಂದ್ರ ಯುದ್ಧ ನಡೆದಿದ್ದು ಉಕ್ರೇನಿನ್ಯಾಗ, ಬಿಲ್ಲು ಬಂದಿದ್ದು ಆಫ್ರಿಕಾದ ಮಲಾವಿಗೆ, ಮೊಜಾಂಬಿಕ್‌ಗೆ.

ಇನ್ನೊಂದು ಮಜಾ ಕೇಳ್ರಿ. ಯುದ್ಧದ ಹೊಗಿ ಯಾರ ಲೆಕ್ಕಕ್ಕೂ ಬರಂಗಿಲ್ಲ! 1997ರ ಕ್ಯೋಟೋ ಒಪ್ಪಂದದ ಹೊತ್ತಿನ್ಯಾಗ ಅಮೆರಿಕದವರು ಹಟ ಹಿಡದು ಹೊರದೇಶದ ಸೈನಿಕ ಕಾರ್ಯಾಚರಣೆ ಲೆಕ್ಕದಿಂದ ಹೊರಗ ಇಡಿಸಿದ್ರು, ಪ್ಯಾರಿಸ್ ಒಪ್ಪಂದದಾಗೂ ಮಿಲಿಟರಿ ಲೆಕ್ಕ ಕೊಡ್ಬೇಕು ಅಂತ ಕಡ್ಡಾಯ ಇಲ್ಲ, ಮನಸ್ಸಿದ್ರ ಕೊಡ್ರಿ ಅಂತ. ಉಕ್ರೇನ್ ಯುದ್ಧದ ಮೊದಲ ಮೂರು ವರ್ಷದ ಹೊಗಿ ಸುಮಾರು 23 ಕೋಟಿ ಟನ್ ಅಂತ ಸಂಶೋಧಕರು ಲೆಕ್ಕ ಹಾಕ್ಯಾರ. ಟ್ಯಾಂಕಿನ ಡೀಸೆಲ್ಲು, ಸುಟ್ಟ ಕಾಡು, ಒಡದ ಊರು ಮತ್ತ ಕಟ್ಟಾಕ ಬೇಕಾದ ಸಿಮೆಂಟು ಕಬ್ಬಿಣ, ಸೈಬೀರಿಯಾ ಬಿಟ್ಟು ಸುತ್ತು ಹಾಕ್ಕೊಂಡು ಹೋಗೂ ವಿಮಾನ, ಎಲ್ಲಾ ಸೇರಿ. ಇದನ್ನ ಬಿಟ್ಟು ಪ್ಲಾಸ್ಟಿಕ್ ಸ್ಟ್ರಾ ಬಗ್ಗೆ ಮಾತಾಡೂಣೇನ್ರಿ?

ಉತ್ತರಧ್ರುವದ_ಸೊಸೆ:

ತುಂಗೆ ದಂಡೆ ಸರ್, ನಾನಿರೋದು ನಾರ್ವೆಯ ಉತ್ತರದ ತುದೀಲಿ, ಗಂಡನ ಕೆಲಸಕ್ಕೆ ಅಂತ ಬಂದು ಆಮೇಲೆ ನಾನೂ ಇಲ್ಲೇ ಲ್ಯಾಬ್ ಒಂದರಲ್ಲಿ ಸೇರ್ಕೊಂಡೆ. ಹೊರಗಿನೋರಿಗೆ ಕಾಣಿಸದ ಒಂದು ಉಲ್ಟಾ ವಿಷಯ ಹೇಳ್ತೀನಿ. ಕಾಪ್‌ನಂಥ ದೊಡ್ಡ ಸಭೆಗಳಿಗೆ ಯುದ್ಧದಿಂದ ಅಂಥ ಏಟೇನೂ ಬಿದ್ದಿಲ್ಲ, ರಷ್ಯಾನೂ ಬರುತ್ತೆ ಉಕ್ರೇನೂ ಬರುತ್ತೆ, ಇಬ್ರೂ ಬೋರ್ಡ್ ಇಟ್ಕೊಂಡು ಕೂರ್ತಾರೆ. ಏಟು ಬಿದ್ದಿದ್ದು ಕೆಳಗೆ, ಥರ್ಮಾಮೀಟರ್ ಹಿಡಿಯೋರ ಮಟ್ಟದಲ್ಲಿ.

ಆರ್ಕ್ಟಿಕ್ ಕೌನ್ಸಿಲ್ ಅಂತ ಎಂಟು ದೇಶಗಳ ಕೂಟ ಇದೆ, ಅದ್ರ ಕಚೇರಿ ಇರೋದು ಟ್ರೊಮ್ಸೋದಲ್ಲಿ. ದಾಳಿ ಆದಾಗ ಅಧ್ಯಕ್ಷತೆ ರಷ್ಯಾದ್ದೇ. 2022ರ ಮಾರ್ಚ್ 3ಕ್ಕೆ ಉಳಿದ ಏಳೂ ದೇಶ ನಾವು ಬರಲ್ಲ ಅಂದ್ವು. ಅಲ್ಲಿಗೆ ಎಲ್ಲ ನಿಂತೋಯ್ತು. 2023ರ ಮೇನಲ್ಲಿ ನಾರ್ವೆ ಅಧ್ಯಕ್ಷತೆ ತಗೊಂಡ್ಮೇಲೆ ನಿಧಾನಕ್ಕೆ ಪತ್ರವ್ಯವಹಾರ, ಆಮೇಲೆ ಆನ್‌ಲೈನ್ ಮೀಟಿಂಗು ಅಂತ ಉಸಿರು ಬಂದಿದೆ. ಆದ್ರೆ ಮೊದ್ಲಿನ ಹಾಗೆ ಒಟ್ಟಿಗೆ ಹಡಗು ಹತ್ತೋದು, ಒಟ್ಟಿಗೆ ಮಂಜು ಕೊರೆಯೋದು ಇಲ್ಲ.

ಇದ್ರ ಅರ್ಥ ಏನು ಅಂದ್ರೆ, ಆರ್ಕ್ಟಿಕ್ ಕರಾವಳೀಲಿ ಅರ್ಧಕ್ಕಿಂತ ಹೆಚ್ಚು ರಷ್ಯಾದ್ದು, ವರ್ಷವಿಡೀ ಹೆಪ್ಪುಗಟ್ಟಿರೋ ನೆಲ, ಪರ್ಮಾಫ್ರಾಸ್ಟ್ ಅಂತೀವಲ್ಲ, ಅದ್ರ ಬಹುಪಾಲೂ ಅಲ್ಲೇ. ಆ ನೆಲ ಕರಗಿದ್ರೆ ಭೂಮಿ ಬಿಸಿ ಹೆಚ್ಚಿಸೋ ಮೀಥೇನ್ ಅನಿಲ ಬರುತ್ತೆ, ಎಷ್ಟು ಬರ್ತಿದೆ ಅಂತ ತಿಳಿಯೋಕೆ ಅಲ್ಲೇ ನಿಂತು ಅಳೀಬೇಕು, ಸ್ಯಾಟಲೈಟ್‌ನಿಂದ ಪೂರ್ತಿ ಆಗಲ್ಲ. ಸೈಬೀರಿಯಾ ಕಾಡಿನ ಮಧ್ಯೆ ಝೊಟಿನೋ ಅನ್ನೋ ಹಳ್ಳಿ ಹತ್ರ ಜರ್ಮನಿಯ ಮಾಕ್ಸ್ ಪ್ಲಾಂಕ್‌ನೋರು ರಷ್ಯಾದೋರ ಜೊತೆ ಸೇರಿ 300 ಮೀಟರ್ ಎತ್ತರದ ಗೋಪುರ ಕಟ್ಟಿ ಗಾಳಿ ಅಳೀತಿದ್ರು. ಲೇನಾ ನದಿ ಸಮುದ್ರ ಸೇರೋ ಕಡೆ ಸಮೋಯ್ಲೋವ್ ದ್ವೀಪದಲ್ಲಿ 1998ರಿಂದ ಎರಡೂ ದೇಶದೋರು ಜೊತೆಗೇ ಕೆಲಸ ಮಾಡ್ತಿದ್ರು. 2022ರಲ್ಲಿ ಜರ್ಮನಿ ಕೈ ಬಿಡ್ತು. 2024ರ ಜನವರೀಲಿ ಬಂದ ಒಂದು ಪೇಪರ್ ಪ್ರಕಾರ ರಷ್ಯಾದ ಕೇಂದ್ರಗಳನ್ನ ಬಿಟ್ಟು ಲೆಕ್ಕ ಹಾಕಿದ್ರೆ ಆರ್ಕ್ಟಿಕ್‌ನ ಚಿತ್ರವೇ ಓರೆ ಆಗುತ್ತೆ, ಆ ತಪ್ಪಿನ ಗಾತ್ರ ಕೆಲವು ವಿಷಯಗಳಲ್ಲಿ ಈ ಶತಮಾನದ ಕೊನೆಗೆ ಆಗುತ್ತೆ ಅಂತ ಅಂದಾಜಿರೋ ಬದಲಾವಣೆಯಷ್ಟೇ ದೊಡ್ಡದು.

ಉಕ್ರೇನ್‌ನ ಸಹೋದ್ಯೋಗಿಗಳಿಗೆ ನಾನು ಇದನ್ನ ಗೊಣಗೋಕೆ ಹೋಗಲ್ಲ. ಮನೆ ಕಳ್ಕೊಂಡೋರ ಮುಂದೆ ನಿನ್ನ ಶತ್ರುವಿನ ಡೇಟಾ ನನಗೆ ಬೇಕು ಅಂತ ಹೇಗೆ ಹೇಳೋದು. ಆದ್ರೆ ಬೇಕಾಗಿರೋದಂತೂ ನಿಜ.

ಮಳೆ_ಮಾಪಕ:

ಹವಾಮಾನ ಇಲಾಖೇಲಿ ಕೆಲಸ ಮಾಡಿ ನಿವೃತ್ತಿ ಆದೋನು ನಾನು. ಮೇಷ್ಟ್ರೇ, ನಿಮಗೆ ಬೇಕಾದ ಉದಾಹರಣೆ ಕಂತೆಗಟ್ಟಲೆ ಇದೆ, ಹುಡುಗ್ರು 2022ರಿಂದ ಈಚೆ ಹುಡುಕ್ತಿದ್ದಾರೆ ಅಷ್ಟೇ.

1961ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಜಗತ್ತಿಗೆಲ್ಲ ಒಂದೇ ಹವಾಮಾನ ವೀಕ್ಷಣಾ ವ್ಯವಸ್ಥೆ ಬೇಕು ಅಂತ ನಿರ್ಣಯ ಮಾಡ್ತು. ಅದ್ರ ನಕ್ಷೆ ಹಾಕೋಕೆ ಅಮೆರಿಕದ ಹ್ಯಾರಿ ವೆಕ್ಸ್ಲರ್, ಸೋವಿಯತ್‌ನ ವಿಕ್ಟರ್ ಬುಗಾಯೆವ್ ಇಬ್ರೂ ಒಟ್ಟಿಗೆ ಕೂತ್ರು. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಬಿಕ್ಕಟ್ಟು, ಅಣುಯುದ್ಧ ಆಗೇಹೋಗುತ್ತೆ ಅನ್ನೋ ಸ್ಥಿತಿ. ಮರುವರ್ಷ 1963ರಲ್ಲಿ ಯೋಜನೆ ಪಾಸು! ವಾಷಿಂಗ್ಟನ್, ಮಾಸ್ಕೋ, ಮೆಲ್ಬರ್ನ್ ಈ ಮೂರು ಊರಲ್ಲಿ ಜಾಗತಿಕ ಕೇಂದ್ರ. ಆ ವ್ಯವಸ್ಥೆ ಇವತ್ತಿಗೂ ನಡೀತಿದೆ. ಉಕ್ರೇನ್ ಯುದ್ಧ ಶುರು ಆದ್ಮೇಲೂ ರಷ್ಯಾದ ಹವಾಮಾನ ಕೇಂದ್ರಗಳ ದಿನದ ಓದು, ಅಂದ್ರೆ ಉಪಕರಣ ತೋರಿಸೋ ಅಳತೆ, ಹೊರಗೆ ಬರೋದು ನಿಂತಿಲ್ಲ, ನಮ್ಮ ಮುನ್ಸೂಚನೆಯ ಮಾಡೆಲ್‌ಗಳಿಗೂ ಆ ಓದು ಹೋಗುತ್ತೆ.

ಇನ್ನೊಂದು. 1979ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಗಡಿ ದಾಟೋ ವಾಯುಮಾಲಿನ್ಯದ ಒಪ್ಪಂದಕ್ಕೆ ಅಮೆರಿಕ, ಸೋವಿಯತ್, ಪೂರ್ವ ಪಶ್ಚಿಮ ಯೂರೋಪು ಎಲ್ರೂ ಸಹಿ ಹಾಕಿದ್ರು. ಆರು ವಾರ ಕಳೆಯೋಷ್ಟ್ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ತು. ಒಲಿಂಪಿಕ್ಸ್ ಬಹಿಷ್ಕಾರ ಆಯ್ತು, ಗೋಧಿ ಮಾರಾಟ ನಿಲ್ಲಿಸಿದ್ರು, ಆದ್ರೆ ಈ ಒಪ್ಪಂದ ಸಾಯ್ಲಿಲ್ಲ, 1983ರಲ್ಲಿ ಜಾರಿಗೂ ಬಂತು, 1985ರಲ್ಲಿ ಗಂಧಕದ ಹೊಗೆ 30 ಪರ್ಸೆಂಟ್ ಇಳಿಸ್ತೀವಿ ಅಂತ ಸೋವಿಯತ್ ಸಹಿ ಹಾಕ್ತು, ತಮಾಷೆ ಅಂದ್ರೆ ಅಮೆರಿಕ ಬ್ರಿಟನ್ ಹಾಕ್ಲಿಲ್ಲ.

ಅದೇ ಕಾಲದ ವೋಸ್ಟೋಕ್ ಕಥೆ ಕೇಳಿ. ಅಂಟಾರ್ಕ್ಟಿಕದ ನಟ್ಟನಡುವೆ ಸೋವಿಯತ್ ಕೇಂದ್ರ, 1983ರ ಜುಲೈಯಲ್ಲಿ ಅಲ್ಲಿ ಮೈನಸ್ 89.2 ಡಿಗ್ರಿ ದಾಖಲಾಯ್ತು. ಹಳೇ ಕಾಲದ ಗಾಳಿ ಹಿಡಿದಿಟ್ಟಿರೋ ಆಳದ ಮಂಜು ಕೊರೆದಿದ್ದು ಸೋವಿಯತ್ತು, ಪರೀಕ್ಷೆ ಮಾಡಿದ್ದು ಫ್ರಾನ್ಸಿನ ಕ್ಲೋಡ್ ಲೋರಿಯಸ್ ತಂಡ, ಜನ ಸಾಗಿಸೋಕೆ ವಿಮಾನ ಕೊಟ್ಟಿದ್ದು ಅಮೆರಿಕ. ಅಮೆರಿಕದ ಅಧ್ಯಕ್ಷ ರೇಗನ್ ಸೋವಿಯತ್ತನ್ನ ದುಷ್ಟ ಸಾಮ್ರಾಜ್ಯ ಅಂತ ಬಯ್ತಿದ್ದ ವರ್ಷಗಳವು, ಮರೀಬೇಡಿ. 1987ರಲ್ಲಿ ಬಂದ ಫಲಿತಾಂಶ 1,60,000 ವರ್ಷದಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತೆ ತಾಪಮಾನ ಒಟ್ಟೊಟ್ಟಿಗೇ ಏರಿ ಇಳಿದಿವೆ ಅಂತ ತೋರಿಸ್ತು. ಇವತ್ತು ನಾವು ಹವಾಮಾನ ಬದಲಾವಣೆ ಅಂತ ಏನೇನು ಮಾತಾಡ್ತೀವೋ ಅದ್ರ ಒಂದು ಬುನಾದಿ ಕಲ್ಲು ಶೀತಲ ಸಮರದ ಮಧ್ಯೆ ಸಿಕ್ಕಿದ್ದು.

ಈಗ ಯಾಕೆ ಅನ್ನೋ ಪ್ರಶ್ನೆ. ಸೊಸೆಯಮ್ಮ ಹೇಳಿದ ಪರ್ಮಾಫ್ರಾಸ್ಟ್ ಅಳತೆ ನಿಂತೋಯ್ತು, ದಿನದ ಹವಾಮಾನದ ಓದು ನಿಲ್ಲಲಿಲ್ಲ. ಎರಡೂ ಅದೇ ದೇಶದ್ದೇ. ನನ್ನ ಪ್ರಕಾರ ಕಾರಣ ಒಳ್ಳೇತನ ಅಲ್ಲ, ಏರ್ಪಾಡು. ಹವಾಮಾನದ ಓದು ಕೊಡೋದು ಸರ್ಕಾರ, ಜಾಗತಿಕ ಸಂಸ್ಥೆಯ ಸದಸ್ಯ ಅಂತ ಕಟ್ಟುಪಾಡಿದೆ, ಮೇಲಾಗಿ ನೀವು ನಿಲ್ಲಿಸಿದ್ರೆ ಅವ್ರೂ ನಿಲ್ಲಿಸಬಹುದು, ಆಗ ನಾಳೆ ಬೆಳಗ್ಗೆ ನಿಮ್ಮದೇ ವಿಮಾನಕ್ಕೆ ಮುನ್ಸೂಚನೆ ಕೆಡುತ್ತೆ. ಪರ್ಮಾಫ್ರಾಸ್ಟ್ ಅಳತೆ ನಡೀತಿದ್ದಿದ್ದು ಯೂನಿವರ್ಸಿಟಿ, ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟ್ ದುಡ್ಡಲ್ಲಿ, ಮೂರು ವರ್ಷ ಐದು ವರ್ಷದ ಎಂಒಯುಗಳಲ್ಲಿ. ಒಂದು ಪತ್ರ ಬಂದ್ರೆ ಮುಗೀತು. ನಿಲ್ಲಿಸಿದ್ರಿಂದ ನಾಳೆ ಯಾರಿಗೂ ನೋವಾಗಲ್ಲ, ಮೂವತ್ತು ವರ್ಷ ಆದ್ಮೇಲೆ ಎಲ್ರಿಗೂ ಆಗುತ್ತೆ. ಸಹಕಾರ ಬೇಕು ಅನ್ನೋರು ಭಾಷಣ ಬಿಟ್ಟು ಇಂಥ ಅಳತೆಗಳನ್ನೂ ಹವಾಮಾನದ ಓದಿನ ಥರ ಸರ್ಕಾರಗಳ ಕಟ್ಟುಪಾಡಿನೊಳಕ್ಕೆ ತರಬೇಕು, ಅದೂ ಶಾಂತಿ ಇರೋವಾಗ್ಲೇ. ಯುದ್ಧ ಶುರು ಆದ್ಮೇಲೆ ಆಗಲ್ಲ.

ಸುಮ್ನೆ_ಬಂದೆ:

ಯಪ್ಪಾ ಮಳೆ ಮಾಪಕ ಸರ್ ಎಲ್ಲ ಸರಿ, ನಮ್ಮೂರಲ್ಲಿ ನಾಳೆ ಮಳೆ ಬರುತ್ತಾ ಅದನ್ನ ಹೇಳಿ ಮೊದ್ಲು

ಕಡತ_ಪ್ರೇಮಿ:

ಮಳೆ ಮಾಪಕ ಸರ್ ಹೇಳಿದ "ಏರ್ಪಾಡು" ಅನ್ನೋದನ್ನ ಇನ್ನೊಂದು ಕಡೆಯಿಂದ ಹಿಡೀತೀನಿ. ಕಾಪ್‌ನಲ್ಲಿ ವೋಟಿಂಗ್ ಇಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? 1995ರ ಮೊದಲ ಸಮ್ಮೇಳನದಲ್ಲಿ ಮತ ಹಾಕೋ ನಿಯಮಕ್ಕೆ ಒಪ್ಪಿಗೆ ಸಿಗ್ಲಿಲ್ಲ, ಅವತ್ತಿಂದ ಇವತ್ತಿನವರೆಗೂ ಸಿಕ್ಕಿಲ್ಲ, ಹಾಗಾಗಿ ಎಲ್ಲಾನೂ ಸರ್ವಾನುಮತ. ಯಾವ ದೇಶ ಬೇಕಾದ್ರೂ ಕಾಲು ಅಡ್ಡ ಹಾಕಬಹುದು. ಓಝೋನ್ ಪದರದ ಮಾಂಟ್ರಿಯಲ್ ಒಪ್ಪಂದದಲ್ಲಿ ಮೂರನೇ ಎರಡು ಬಹುಮತಕ್ಕೆ ದಾರಿ ಇದೆ, ಅದೂ 1987ರದ್ದು, ಇರಾನ್ ಇರಾಕ್ ಹೊಡೆದಾಡ್ತಿದ್ದ ಕಾಲ, ಇವತ್ತಿಗೂ ನಡೀತಿದೆ.

2013ರ ಜೂನ್‌ನಲ್ಲಿ ಬಾನ್‌ನಲ್ಲಿ ಎರಡು ವಾರದ ಹವಾಮಾನ ಸಭೆಯ ಒಂದು ವಿಭಾಗ ಪೂರ್ತಿ ಹಾಳಾಯ್ತು, ಅಜೆಂಡಾಕ್ಕೇ ಒಪ್ಪಿಗೆ ಸಿಗ್ಲಿಲ್ಲ. ಹಿಂದಿನ ವರ್ಷದ ದೋಹಾ ಕಾಪ್‌ನಲ್ಲಿ ತಮ್ಮ ಆಕ್ಷೇಪ ಕೇಳದೇ ನಿರ್ಣಯ ಪಾಸ್ ಮಾಡಿದ್ರು ಅಂತ ಮೂರು ದೇಶ ಸೇರಿ ತಡೆದಿದ್ವು. ಯಾವ ಮೂರು? ರಷ್ಯಾ, ಬೆಲಾರುಸ್, ಉಕ್ರೇನ್. ಆಗ ಅಣ್ಣತಮ್ಮ ಥರ ಒಂದೇ ಪಟ್ಟು! 2022ರ ದಾಳಿಗೆ ಆಗ ಉಳಿದಿದ್ದು ಒಂಬತ್ತೇ ವರ್ಷ.

2023ರಲ್ಲಿ ಮುಂದಿನ ಕಾಪ್ ಪೂರ್ವ ಯೂರೋಪ್ ಗುಂಪಿನ ಸರದಿ. ಐರೋಪ್ಯ ಒಕ್ಕೂಟದ ಯಾವ ದೇಶಕ್ಕೂ ಕೊಡಬಾರದು ಅಂತ ರಷ್ಯಾ ಕೂತುಬಿಡ್ತು. ಉಳಿದಿದ್ದು ಅರ್ಮೇನಿಯಾ, ಅಜರ್‌ಬೈಜಾನ್, ಅವೆರಡೂ ಒಂದನ್ನೊಂದು ತಡೀತಿದ್ವು. ಡಿಸೆಂಬರ್ 7ಕ್ಕೆ ಇದ್ದಕ್ಕಿದ್ದ ಹಾಗೆ ಎರಡೂ ದೇಶದ ಜಂಟಿ ಹೇಳಿಕೆ ಬಂತು: ಅಜರ್‌ಬೈಜಾನ್ 32 ಅರ್ಮೇನಿಯನ್ ಸೈನಿಕರನ್ನ ಬಿಡುತ್ತೆ, ಅರ್ಮೇನಿಯಾ 2 ಜನರನ್ನ ಬಿಡುತ್ತೆ, ಜೊತೆಗೆ ಕಾಪ್ ಅಜರ್‌ಬೈಜಾನ್‌ನ ರಾಜಧಾನಿ ಬಾಕುಗೆ. ಹವಾಮಾನ ಸಮ್ಮೇಳನದ ನೆಪದಲ್ಲಿ ಸೆರೆಯಾಳುಗಳು ಮನೆ ಸೇರಿದ್ರು. ಹುಡುಗ್ರಿಗೆ ಇದು ಹೇಳಿ ಸರ್, ಪರ ಕಡೆಗೆ ಕೆಲಸಕ್ಕೆ ಬರುತ್ತೆ.

ನಮ್ಮದೇ ಇನ್ನೊಂದಿದೆ. 2023ರ ಫೆಬ್ರವರಿ 24, 25ಕ್ಕೆ ಬೆಂಗಳೂರಲ್ಲಿ ಜಿ20 ಹಣಕಾಸು ಮಂತ್ರಿಗಳ ಸಭೆ, ನಿರ್ಮಲಾ ಸೀತಾರಾಮನ್ ಅಧ್ಯಕ್ಷತೆ, ಉಕ್ರೇನ್ ಬಗ್ಗೆ ಇದ್ದ ಎರಡು ಪ್ಯಾರಾಗೆ ರಷ್ಯಾ ಚೀನಾ ಒಪ್ಪಲಿಲ್ಲ ಅಂತ ಜಂಟಿ ಹೇಳಿಕೆನೇ ಬರ್ಲಿಲ್ಲ. ಅದೇ ಕಥೆ ಸಭೆ ಸಭೆಯಲ್ಲೂ. ಜುಲೈಯಲ್ಲಿ ಹಂಪಿಯಲ್ಲಿ ಎಲ್ಲ ದೇಶದ ಶೆರ್ಪಾಗಳು, ಅಂದ್ರೆ ನಾಯಕರ ಪರವಾಗಿ ಮೊದ್ಲೇ ಮಾತುಕತೆ ನಡೆಸೋ ಅಧಿಕಾರಿಗಳು, ಸೇರಿ ನಾಯಕರ ಘೋಷಣೆಯ ಕರಡು ತಿದ್ದೋಕೆ ಶುರು ಮಾಡಿದ್ರು, ಆಗ ಉಕ್ರೇನ್ ವಿಷಯ ಪಕ್ಕಕ್ಕಿಟ್ಟು ಉಳಿದದ್ದು ಮುಗಿಸೋಣ ಅನ್ನೋ ಥರ ಹೋದ್ರು. ಸೆಪ್ಟೆಂಬರ್ 9ಕ್ಕೆ ದಿಲ್ಲಿಯಲ್ಲಿ 83 ಪ್ಯಾರಾನೂ ಒಪ್ಪಿಗೆ, ಅದ್ರಲ್ಲಿ 2030ರೊಳಗೆ ಜಗತ್ತಿನ ನವೀಕರಿಸಬಹುದಾದ ಇಂಧನದ ಸಾಮರ್ಥ್ಯ ಮೂರು ಪಟ್ಟು ಮಾಡೋ ಪ್ರಯತ್ನದ ಮಾತೂ ಇತ್ತು. ಮೂರು ತಿಂಗಳಲ್ಲಿ ದುಬೈ ಕಾಪ್‌ನಲ್ಲಿ ಅದೇ ಗುರಿ ಎಲ್ಲ ದೇಶಗಳ ನಿರ್ಣಯಕ್ಕೆ ಹೋಯ್ತು. ಜಗಳದ ಪ್ಯಾರಾ ಒಂದು ಕಡೆ, ಕೆಲಸದ ಪ್ಯಾರಾ ಒಂದು ಕಡೆ ಇಡೋ ಕಲೆ ಇದು, ಕೇಳೋಕೆ ಬೋರು, ಆದ್ರೆ ಇದೇ ನಡೆಯೋದು.

ಜವಾರಿ_ಮಾತು:

ಕಡತಣ್ಣಾ, ಅರ್ಧಾ ಹೇಳಿ ಬಿಟ್ಟೀರಿ. ಆ ಅರ್ಮೇನಿಯಾ ಕಥಿ ಮೂರು ತಿಂಗಳು ಹಿಂದಿನಿಂದ ಹೇಳ್ರಿ. 2023ರ ಸೆಪ್ಟೆಂಬರಿನ್ಯಾಗ ಅಜರ್‌ಬೈಜಾನ್ ಅರ್ಮೇನಿಯನ್ನರು ಇದ್ದ ನಾಗೋರ್ನೋ ಕರಾಬಾಖ್ ಪ್ರದೇಶದ ಮ್ಯಾಲೆ ಬಿದ್ದು ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ ಮಂದಿ ಮನಿ ಮಠ ಬಿಟ್ಟು ಓಡಿ ಹೋಗ್ಯಾರ. ಗೆದ್ದಾಂವಗ ಸಮ್ಮೇಳನದ ಸನ್ಮಾನ, ಸೋತಾಂವಗ 32 ಮಂದಿ ವಾಪಸ್. ಬಾಕು ಸಮ್ಮೇಳನದ ಉದ್ಘಾಟನಾ ಭಾಷಣದಾಗ ಅಜರ್‌ಬೈಜಾನ್ ಅಧ್ಯಕ್ಷ ಅಲಿಯೆವ್ ತೈಲ, ಗ್ಯಾಸು ದೇವರು ಕೊಟ್ಟ ವರ ಅಂದಾನ. ದಿಲ್ಲಿ ಘೋಷಣಾದ ಮ್ಯಾಲೂ ಉಕ್ರೇನ್ ವಿದೇಶಾಂಗ ಇಲಾಖೆ ಇದರಾಗ ಹೆಮ್ಮೆ ಪಡೂದು ಏನೂ ಇಲ್ಲ ಅಂದಿತ್ತು. ಜಗಳದ ಪ್ಯಾರಾ ಪಕ್ಕಕ್ಕ ಇಡೂದು ಅಂದ್ರ ಯಾರ ಮನಿ ಸುಟ್ಟೈತೋ ಅವನ್ನ ಪಕ್ಕಕ್ಕ ಇಡೂದು.

ಆದ್ರ ಮಳೆ ಮಾಪಕ ಸರ್ ಹೇಳಿದ ಮಾತು ಖರೇ ಐತಿ. ಅದಕ್ಕ ನನ್ನ ತಕರಾರು ಇಲ್ಲ.

ತುಂಗೆ_ದಂಡೆ:

ಅಬ್ಬಾ, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಜವಾರಿಯವ್ರೇ, ನಿಮ್ಮ ಎರಡನೇ ಪೋಸ್ಟನ್ನೂ ಹುಡುಗ್ರಿಗೆ ಓದಿ ಹೇಳ್ತೀನಿ.

ಒಂದು ಉಳೀತು. ಹುಡುಗ್ರು ಖಂಡಿತ ಸಿಂಧೂ ಒಪ್ಪಂದ ಎತ್ತುತ್ತಾರೆ. 1960ರದ್ದು, 65, 71, ಕಾರ್ಗಿಲ್ ಎಲ್ಲಾ ದಾಟಿ ಬಂದಿದ್ದು, ಪಹಲ್ಗಾಮ್ ಆದ್ಮೇಲೆ 2025ರ ಏಪ್ರಿಲ್ 23ಕ್ಕೆ ಅಮಾನತ್ತಾಯ್ತು. ಪರ ಕಡೆಯೋರು ಏನು ಹೇಳಬೇಕು? ಇಲ್ಲಿ ರಾಜಕೀಯ ಜಗಳ ಬೇಡ ದಯವಿಟ್ಟು, ಸರಿ ತಪ್ಪು ನಾನು ಕೇಳ್ತಿಲ್ಲ.

ಮಳೆ_ಮಾಪಕ:

ಎರಡು ಮಾತು. ಆ ಒಪ್ಪಂದ ಪಶ್ಚಿಮದ ಮೂರು ನದಿ ಅವ್ರಿಗೆ, ಪೂರ್ವದ ಮೂರು ನಮಗೆ ಅಂತ ಹಂಚಿಬಿಡ್ತು. ನದಿ ಹಂಚೋದು ಯುದ್ಧ ತಡ್ಕೊಳ್ಳುತ್ತೆ, ಯಾಕಂದ್ರೆ ಹಂಚಿದ್ಮೇಲೆ ದಿನಾ ಮುಖ ನೋಡ್ಬೇಕಾಗಿಲ್ಲ. ಆದ್ರೆ 1960ರಲ್ಲಿ ಒಪ್ಪಂದ ಬರೆದೋರು ಹವಾಮಾನ ಬದಲಾವಣೆ ಲೆಕ್ಕಕ್ಕೆ ತಗೊಂಡಿರ್ಲಿಲ್ಲ, ಹಿಮನದಿ ಕರಗಿ ನೀರಿನ ಲೆಕ್ಕವೇ ಬದಲಾದ್ರೆ ಏನು ಅನ್ನೋದಕ್ಕೆ ಅದ್ರಲ್ಲಿ ಜಾಗ ಇಲ್ಲ. ಮುಂದೆ ಯಾವತ್ತಾದ್ರೂ ಎರಡೂ ಕಡೆ ಕೂತ್ರೆ, ಎಷ್ಟು ನೀರು ಯಾರಿಗೆ ಅನ್ನೋದಕ್ಕಿಂತ ಮೊದ್ಲು ಎಷ್ಟು ನೀರಿದೆ ಅಂತ ಅಳೆಯೋ ಜಗಳ ಬರುತ್ತೆ.

ಎರಡನೇದು ನಿಮ್ಮ ಪರ ಕಡೆಗೆ. 2025ರ ಆಗಸ್ಟ್‌ನಲ್ಲಿ ಜಮ್ಮುವಿನ ತವಿ ನದಿ ಉಕ್ಕಿದಾಗ ಪ್ರವಾಹ ಬರ್ತಿದೆ ಅಂತ ಭಾರತ ಪಾಕಿಸ್ತಾನಕ್ಕೆ ಮುನ್ಸೂಚನೆ ಕೊಡ್ತು. ಸಿಂಧೂ ಆಯೋಗದ ಮೂಲಕ ಅಲ್ಲ, ಅದು ಅಮಾನತ್ತಿನಲ್ಲಿತ್ತಲ್ಲ, ಇಸ್ಲಾಮಾಬಾದ್‌ನ ನಮ್ಮ ಹೈಕಮಿಷನ್ ಮೂಲಕ, ಮಾನವೀಯತೆ ಆಧಾರದ ಮೇಲೆ ಅಂತ ಹೇಳಿ. ಮೇ ತಿಂಗಳಲ್ಲಿ ಕ್ಷಿಪಣಿ ಹಾರಿಸಿದ್ದ ಎರಡು ದೇಶ, ಆಗಸ್ಟ್‌ನಲ್ಲಿ ಪ್ರವಾಹದ ಸುದ್ದಿ. ಒಪ್ಪಂದ ನಿಂತ ಜಾಗದಲ್ಲೂ ಇಷ್ಟು ನಡೀತು ಅಂತ ಪರದೋರು ಹೇಳ್ಲಿ, ಇಷ್ಟೇ ಉಳೀತು ಅಂತ ವಿರೋಧದೋರು ಹೇಳ್ಲಿ, ಎರಡಕ್ಕೂ ಮಾರ್ಕ್ಸ್ ಕೊಡಬಹುದು.

@ಸುಮ್ನೆ_ಬಂದೆ, ಊರು ಯಾವುದು ಅಂತ ಹೇಳ್ದೆ ಮಳೆ ಕೇಳಿದ್ರೆ ಹೇಗಪ್ಪ.

ಉತ್ತರಧ್ರುವದ_ಸೊಸೆ:

ಸರ್, ಹುಡುಗ್ರಿಗೆ ಇನ್ನೊಂದು ಹೇಳಬಹುದು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ, 2013ರಿಂದ ಆರ್ಕ್ಟಿಕ್ ಕೌನ್ಸಿಲ್‌ನಲ್ಲಿ ನಾವು ವೀಕ್ಷಕರು. ರಷ್ಯಾ ಜೊತೆನೂ ಮಾತಾಡ್ತೀವಿ, ನಾರ್ವೆ ಜೊತೆನೂ ಮಾತಾಡ್ತೀವಿ. ಸೈಬೀರಿಯಾ ಡೇಟಾ ವಿಷಯದಲ್ಲಿ ಇಂಥ ದೇಶ ಮಧ್ಯೆ ನಿಲ್ಲಬಹುದು, ಜರ್ಮನಿಗೆ ಆಗಲ್ಲ. ಯಾರಾದ್ರೂ ಈ ಪಾಯಿಂಟ್ ಎತ್ತಿದ್ರೆ ನನ್ನ ಕಡೆಯಿಂದ ಅವ್ರಿಗೊಂದು ಬಹುಮಾನ.

ಜವಾರಿ_ಮಾತು:

ವಿರೋಧದ ಕಡೆ ತರಬೇತಿ ಕೊಡಾಕ ಯಾರರೆ ಬೇಕಾದ್ರ ಹೇಳ್ರಿ ಸರ್. ಬಸ್ ಚಾರ್ಜ್ ಮತ್ತ ಒಂದು ಪ್ಲೇಟ್ ಗಿರ್ಮಿಟ್ ಕೊಟ್ರ ಸಾಕು.